ಕುಂಚಪಾದದ ಚಿಟ್ಟೆಗಳ ಕುಲವನ್ನು ಬಿಡಿಸಿದ ಹೆನ್ರಿ ವಾಲ್ಟರ್ ಬೇಟ್ಸ್

ಜೀವವಿಕಾಸವಾದದ ಮಾತು ಬಂದಾಗ ಚಾರ್ಲ್ಸ್ ಡಾರ್ವಿನ್ನನ ಹೆಸರು ಎಲ್ಲರ ನಾಲಗೆಯ ಮೇಲೂ ಬರುತ್ತದೆ. ಆಲ್‌ಫ್ರೆಡ್ ರಸೆಲ್ ವಾಲೇಸನ ಹೆಸರು ಬಲ್ಲವರಿಗೆ ನೆನಪಾಗುತ್ತದೆ. ಈ ಇಬ್ಬರಿಗೂ ಮಿತ್ರನಾಗಿದ್ದು, ಅವರ ಸಿದ್ಧಾಂತಕ್ಕೆ ಕಣ್ಣಿಗೆ ಕಾಣುವಂಥ ಪ್ರಬಲ ಸಾಕ್ಷ್ಯವನ್ನು ಆರಂಭದ ದಿನಗಳಲ್ಲಿಯೇ ಒದಗಿಸಿಕೊಟ್ಟ ಹೆನ್ರಿ ವಾಲ್ಟರ್ ಬೇಟ್ಸನನ್ನು ಸ್ಮರಿಸುವವರು ಮಾತ್ರ ವಿರಳ. ಆ ಸಾಕ್ಷ್ಯವು ದೊರೆತದ್ದು ಚಿಟ್ಟೆಗಳ ರೆಕ್ಕೆಗಳಲ್ಲಿ ಮತ್ತು ಕಾಲುಗಳಲ್ಲಿ. ಅದನ್ನು ಓದಬಲ್ಲವನಾದ ಈ ಮನುಷ್ಯನಿಗೆ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಯೋಗವೇ ಇರಲಿಲ್ಲ.

ಇಂಗ್ಲೆಂಡಿನ ಲೆಸ್ಟರ್ ಪಟ್ಟಣವು ಕಾಲುಚೀಲಗಳ ಹೆಣಿಗೆಗೆ ಹೆಸರಾಗಿದ್ದ ಊರು. ಅಲ್ಲಿಯ ಒಬ್ಬ ಕಾಲುಚೀಲ ತಯಾರಕನ ಮಗನಾಗಿ ಬೇಟ್ಸನು 1825ರ ಫೆಬ್ರವರಿ 8ರಂದು ಜನಿಸಿದನು. ಹದಿಮೂರನೆಯ ವಯಸ್ಸಿನ ಸುಮಾರಿಗೆ ಅವನ ಶಾಲೆ ಮುಗಿಯಿತು. ಅದೇ ಕಸುಬಿನ ಇನ್ನೊಬ್ಬ ವರ್ತಕನ ಬಳಿ ಕೆಲಸ ಕಲಿಯಲು ನಿಂತನು; ಬೆಳಗಿನಿಂದ ರಾತ್ರಿಯವರೆಗೆ ಮಳಿಗೆಯ ದುಡಿಮೆ. ಆದರೆ ಊರಿನಲ್ಲಿ ಕುಶಲಕರ್ಮಿಗಳಿಗಾಗಿ ನಡೆಯುತ್ತಿದ್ದ ವಿದ್ಯಾಸಂಸ್ಥೆಯೊಂದಿತ್ತು. ದಣಿದು ಬಂದ ಹುಡುಗನು ಅಲ್ಲಿಯ ರಾತ್ರಿ ತರಗತಿಗಳಲ್ಲಿ ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನೂ ಚಿತ್ರಕಲೆಯನ್ನೂ ಅಭ್ಯಾಸ ಮಾಡಿದನು. ಶಾಲೆಯ ಕೈತಪ್ಪಿಹೋದ ವಿದ್ಯಾರ್ಥಿಯನ್ನು ಊರವರು ನಡೆಸಿದ ಒಂದು ಗ್ರಂಥಾಲಯವು ಉಳಿಸಿಕೊಂಡಿತೆಂದರೆ ತಪ್ಪಾಗದು. ಬಿಡುವಿನ ದಿನಗಳಲ್ಲಿ ತಮ್ಮ ಫ್ರೆಡರಿಕ್‌ನೊಡನೆ ಸಮೀಪದ ಚಾರ್ನ್‌ವುಡ್ ಕಾಡಿಗೆ ಹೋಗಿ ಕೀಟಗಳನ್ನು ಸಂಗ್ರಹಿಸುವುದು ಅವನ ಹವ್ಯಾಸವಾಯಿತು. 1843ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ತೇವದ ನೆಲದಲ್ಲಿ ವಾಸಿಸುವ ಜೀರುಂಡೆಗಳನ್ನು ಕುರಿತ ಅವನ ಪುಟ್ಟ ಲೇಖನವೊಂದು ಪ್ರಾಣಿಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು.

ಮರುವರ್ಷ ಲೆಸ್ಟರಿನ ಶಾಲೆಯೊಂದಕ್ಕೆ ಉಪಾಧ್ಯಾಯನಾಗಿ ವಾಲೇಸನು ಬಂದನು. ಊರಿನ ಗ್ರಂಥಾಲಯವೇ ಇಬ್ಬರನ್ನೂ ಸೇರಿಸಿತು. ಅಲ್ಲಿಯವರೆಗೆ ಸಸ್ಯಗಳನ್ನು ಮಾತ್ರ ಗಮನಿಸುತ್ತಿದ್ದ ವಾಲೇಸನಿಗೆ ಕೀಟಲೋಕದ ರುಚಿ ಹತ್ತಿಸಿದವನು ಬೇಟ್ಸನೇ. ಪ್ರಭೇದಗಳು ಹೇಗೆ ಹುಟ್ಟುತ್ತವೆ ಎಂಬ ಪ್ರಶ್ನೆಯನ್ನು ಗೆಳೆಯರಿಬ್ಬರೂ ಪತ್ರಮುಖೇನ ಚರ್ಚಿಸತೊಡಗಿದರು. ಆ ಹೊತ್ತಿಗೆ ಬೇಟ್ಸನು ಬರ್ಟನ್ ಎಂಬಲ್ಲಿಯ ಮದ್ಯ ತಯಾರಿಕೆಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದನು. ಆ ಕೆಲಸ ಅವನಿಗೆ ಒಗ್ಗಲಿಲ್ಲ. 1847ರಲ್ಲಿ ಪ್ರಕಟವಾದ ಅಮೆಜಾನ್ ಪ್ರವಾಸದ ಪುಸ್ತಕವೊಂದನ್ನು ಓದಿ, ಆ ನದಿಯ ತೀರಕ್ಕೆ ಹೋಗಿ, ಹಿಡಿದ ಕೀಟಗಳ ನಕಲು ಮಾದರಿಗಳನ್ನು ಲಂಡನ್ನಿನಲ್ಲಿ ಮಾರಿ ಖರ್ಚು ತೂಗಿಸುವುದೆಂದು ಇಬ್ಬರೂ ನಿಶ್ಚಯಿಸಿದರು. ಸಂಪತ್ತಿದ್ದವರ ವಿನೋದವೆನಿಸಿದ್ದ ಕೀಟಸಂಗ್ರಹವನ್ನು ಈ ಬಡ ತರುಣರು ಜೀವನೋಪಾಯವನ್ನಾಗಿಯೇ ಹಿಡಿದರು. 1848ರ ಏಪ್ರಿಲ್‌ನಲ್ಲಿ ಲಿವರ್‌ಪೂಲಿನಿಂದ ಹೊರಟ ಹಡಗು ಮೇ ತಿಂಗಳ ಕೊನೆಗೆ ಬ್ರೆಜಿಲಿನ ಪಾರಾ ಪಟ್ಟಣವನ್ನು, ಅಂದರೆ ಇಂದಿನ ಬೆಲೆಮ್ ನಗರವನ್ನು, ಮುಟ್ಟಿತು.

ವಾಲೇಸನು ನಾಲ್ಕು ವರ್ಷಗಳ ನಂತರ ಹಿಂದಿರುಗಿದನು. ಬೇಟ್ಸನು ಉಳಿದದ್ದು ಹನ್ನೊಂದು ವರ್ಷ. ಆ ವರ್ಷಗಳ ಕಷ್ಟವನ್ನು ಸವಿಸ್ತಾರವಾಗಿ ಬರೆಯಹೊರಟರೆ ಒಂದು ಗ್ರಂಥವೇ ಆದೀತು. ಮೇಲಿನ ಅಮೆಜಾನಿನ ಎಗಾ ಎಂಬ ಹಳ್ಳಿಯಲ್ಲಿ, ಇಂದಿನ ಟೆಫೆಯಲ್ಲಿ, ಮೊದಲ ಬಾರಿಗೆ ತಂಗಿದ್ದಾಗ ಒಂದು ವರ್ಷದ ಕಾಲ ಅವನಿಗೆ ಊರಿನಿಂದ ಕಾಗದವಿಲ್ಲ, ಹಣವಿಲ್ಲ; ಉಟ್ಟ ಬಟ್ಟೆ ಹರಿದು, ಪಾದರಕ್ಷೆಗಳು ಸವೆದು, ಬರಿಗಾಲಿನಲ್ಲಿ ಕಾಡು ಸುತ್ತಿದನು. ಬೇಸತ್ತು ಸ್ವದೇಶಕ್ಕೆ ಹೊರಡಲೆಂದು 1851ರಲ್ಲಿ ಪಾರಾಕ್ಕೆ ಇಳಿದು ಬಂದರೆ ಅಲ್ಲಿ ಹಳದಿ ಜ್ವರ ಹಬ್ಬಿತ್ತು. ವಾಲೇಸನ ತಮ್ಮ ಹರ್ಬರ್ಟ್ ಆ ಜ್ವರಕ್ಕೆ ಬಲಿಯಾದನು. ಬೇಟ್ಸನೂ ಹಾಸಿಗೆ ಹಿಡಿದನು, ಆದರೆ ಬದುಕಿಕೊಂಡನು. ಬದುಕಿಕೊಂಡವನು ಇಂಗ್ಲೆಂಡಿಗೆ ಹೋಗದೆ ಮತ್ತೆ ನದಿಯ ಮೇಲ್ಮುಖವಾಗಿ ತಿರುಗಿದನು. ಎಗಾದಲ್ಲಿಯೇ ಅವನು ಒಟ್ಟು ನಾಲ್ಕೂವರೆ ವರ್ಷ ವಾಸಿಸಿ, 7,000ಕ್ಕೂ ಹೆಚ್ಚು ಪ್ರಭೇದಗಳ ಕೀಟಗಳನ್ನು ಕಂಡುಕೊಂಡನು. ಅವುಗಳಲ್ಲಿ ಚಿಟ್ಟೆಗಳೇ ಸುಮಾರು 550. ಅವನ ಕಾಲದ ಎಣಿಕೆಯಂತೆ ಇಡೀ ಬ್ರಿಟಿಷ್ ದ್ವೀಪಗಳಲ್ಲಿದ್ದ ಚಿಟ್ಟೆಗಳ ಪ್ರಭೇದಗಳು 66ನ್ನು ಮೀರುತ್ತಿರಲಿಲ್ಲವೆಂಬುದನ್ನು ನೆನೆದರೆ ಈ ಸಂಖ್ಯೆಯ ಬೆಲೆ ತಿಳಿದೀತು. 1859ರಲ್ಲಿ ಅವನು ಮರಳಿದಾಗ ಸಂಗ್ರಹದ ಒಟ್ಟು ಮೊತ್ತ 14,712 ಪ್ರಭೇದಗಳು. ಇವುಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು. ಹನ್ನೊಂದು ವರ್ಷಗಳ ಈ ದುಡಿಮೆಯಿಂದ ಅವನ ಕೈಯಲ್ಲುಳಿದ ಲಾಭ ಸುಮಾರು 800 ಪೌಂಡುಗಳು.

ಇಷ್ಟು ಜೀವಿಗಳನ್ನು ಕೂಡಿಹಾಕುವುದು ಒಂದು ಕೆಲಸ. ಅವುಗಳ ಕುಲವನ್ನು ತಿಳಿಯುವುದು ಇನ್ನೊಂದು. ಕೀಟಗಳಿಗೆ ಆರು ಕಾಲುಗಳೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಹೂವಿನ ಮೇಲೆ ಕುಳಿತ ಅನೇಕ ಚಿಟ್ಟೆಗಳನ್ನು ಸಮೀಪದಿಂದ ನೋಡಿದರೆ ಎಣಿಕೆಗೆ ಸಿಗುವ ಕಾಲುಗಳು ನಾಲ್ಕೇ. ಮುಂದಿನ ಜೋಡಿಯು ಮೊಟಕಾಗಿ, ಎದೆಗೆ ಅಂಟಿಕೊಂಡು, ರೋಮಗಳಿಂದ ಕೂಡಿ ಸಣ್ಣ ಕುಂಚದಂತೆ ಕಾಣುತ್ತದೆ. ನಡೆಯಲು ಬಾರದ ಈ ಕಾಲುಗಳು ನಿರುಪಯೋಗಿಗಳಲ್ಲ. ಹೆಣ್ಣು ಚಿಟ್ಟೆಯು ಎಲೆಯನ್ನು ಇವುಗಳಿಂದ ತಟ್ಟಿ, ರುಚಿ ನೋಡಿ, ತನ್ನ ಮರಿಗಳಿಗೆ ತಕ್ಕ ಗಿಡವೆಂದು ಖಚಿತವಾದ ಮೇಲೆಯೇ ಮೊಟ್ಟೆ ಇಡುತ್ತದೆ. ಅಂದಿನ ಅನೇಕ ಪಂಡಿತರು ಇಂಥ ಚಿಟ್ಟೆಗಳನ್ನು ಡಾನಾಯ್ಡ್, ಸ್ಯಾಟಿರ್, ಮಾರ್ಫೊ, ಅಕ್ರಿಯಾ, ಹೆಲಿಕೋನಿಯಸ್ ಮುಂತಾದ ಬೇರೆ ಬೇರೆ ಕುಟುಂಬಗಳಲ್ಲಿ ಹಂಚಿಟ್ಟಿದ್ದರು. ಬೇಟ್ಸನು 1861ರಿಂದ 1864ರವರೆಗೆ ಪ್ರಕಟಿಸಿದ ಲೇಖನಗಳಲ್ಲಿ ಮುಂಗಾಲುಗಳ ಸ್ಥಿತಿಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡು ಇವೆಲ್ಲವನ್ನೂ ನಿಂಫಾಲಿಡೇ ಎಂಬ ಒಂದೇ ಕುಟುಂಬದ ಅಂಗಗಳೆಂದು ಸಾರಿದನು. ರಾಜಠೀವಿಯ ಬಾಲವುಳ್ಳ ಚಿಟ್ಟೆಗಳನ್ನು ಪಟ್ಟಿಯ ಶಿರೋಭಾಗದಲ್ಲಿಡುವುದು ಲಿನೇಯಸನ ಕಾಲದಿಂದ ಬಂದ ಪದ್ಧತಿ. ಅವುಗಳಿಗೆ ಆರು ಕಾಲುಗಳೂ ಪೂರ್ಣವಾಗಿರುವುದನ್ನು ಕಂಡು ಬೇಟ್ಸನು ಅವನ್ನು ಕೆಳಗಿಳಿಸಿ, ಪತಂಗಗಳಿಂದ ಬಹುದೂರ ಸರಿದ ಕುಂಚಪಾದದವುಗಳನ್ನು ಮೇಲಕ್ಕೇರಿಸಿದನು. 1882ರಿಂದ ಪ್ರಕಟವಾಗತೊಡಗಿದ ಮಾರ್ಷಲ್ ಮತ್ತು ಡಿ ನಿಸೆವಿಲ್ ಅವರ ಭಾರತ, ಬರ್ಮಾ, ಸಿಂಹಳಗಳ ಚಿಟ್ಟೆಗಳ ಗ್ರಂಥದಲ್ಲಿಯೂ ಬಹುಮಟ್ಟಿಗೆ ಇದೇ ಐದು ಕುಟುಂಬಗಳ ಕ್ರಮವೇ ಕಾಣುತ್ತದೆ.

ಆದರೆ ಅವನ ಕೀರ್ತಿಗೆ ಕಾರಣವಾದ ಸಂಗತಿ ಬೇರೆ. ಈ ಕಾಲೆಣಿಕೆಯಿಲ್ಲದೆ ಅದು ಬೆಳಕಿಗೆ ಬರುವುದು ಕಷ್ಟವಿತ್ತು. ಅಮೆಜಾನಿನ ಕಾಡಿನ ನೆರಳಿನಲ್ಲಿ ಉದ್ದನೆಯ ರೆಕ್ಕೆಗಳ, ಕಪ್ಪು ಹಳದಿ ಕಿತ್ತಳೆ ಬಣ್ಣಗಳ ಚಿಟ್ಟೆಗಳು ಗುಂಪುಗುಂಪಾಗಿ ನಿಧಾನವಾಗಿ ಹಾರಾಡುತ್ತಿದ್ದವು. ಇಷ್ಟು ಎದ್ದುಕಾಣುವ, ಇಷ್ಟು ಮಂದಗತಿಯ ಜೀವಿಗಳನ್ನು ಹಕ್ಕಿಗಳು ಬೆನ್ನಟ್ಟುವುದನ್ನು ಬೇಟ್ಸನು ಕಾಣಲೇ ಇಲ್ಲ. ಅವುಗಳಲ್ಲಿ ಹಕ್ಕಿಗಳಿಗೆ ಒಲ್ಲದ ರಸವೇನೋ ಇರಬೇಕೆಂದು ಊಹಿಸಿದನು. ಈ ಗುಂಪಿನ ನಡುವೆ ಅದೇ ಬಣ್ಣದ, ಅದೇ ಹಾರಾಟದ ಕೆಲವು ಚಿಟ್ಟೆಗಳು ಅಪರೂಪವಾಗಿ ಬಲೆಗೆ ಬೀಳುತ್ತಿದ್ದವು. ಗಾಳಿಯಲ್ಲಿದ್ದಾಗ ಅನುಭವಿಯಾದ ಅವನ ಕಣ್ಣಿಗೂ ಭೇದ ತಿಳಿಯುತ್ತಿರಲಿಲ್ಲ. ಕೈಗೆತ್ತಿಕೊಂಡು ನೋಡಿದರೆ ಆರು ಪೂರ್ಣ ಕಾಲುಗಳು! ರೆಕ್ಕೆಯ ನರಗಳ ಜೋಡಣೆಯೂ ಬೇರೆ. ಅವು ಬಿಳಿ ಚಿಟ್ಟೆಗಳ ಕುಟುಂಬಕ್ಕೆ ಸೇರಿದವು; ತಮ್ಮ ಬಂಧುಗಳ ಬಿಳುಪನ್ನು ತೊರೆದು ಪರಕುಲದ ವೇಷ ಧರಿಸಿದ್ದವು. ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋದಂತೆ ಆ ಕಹಿ ಚಿಟ್ಟೆಯ ಬಣ್ಣ ಬದಲಾದರೆ ವೇಷಧಾರಿಯ ಬಣ್ಣವೂ ಅದಕ್ಕೆ ಸರಿಯಾಗಿ ಬದಲಾಗುತ್ತಿತ್ತು. ಇದು ಕೇವಲ ಆಕಸ್ಮಿಕವೆನ್ನಲು ಸಾಧ್ಯವೇ? ತುಸು ಹೋಲಿಕೆಯಿದ್ದವು ಹಕ್ಕಿಯ ಕೊಕ್ಕಿನಿಂದ ಪಾರಾಗಿ, ಹೋಲಿಕೆಯಿಲ್ಲದವು ನಾಶವಾಗಿ, ತಲೆಮಾರಿನಿಂದ ತಲೆಮಾರಿಗೆ ಸಾಮ್ಯವು ಬಲಿಯುತ್ತ ಬಂದಿತೆಂದು ಅವನು ವಿವರಿಸಿದನು. ನಿಸರ್ಗದ ಆಯ್ಕೆಯೆಂದು ಡಾರ್ವಿನ್ನನು 1859ರಲ್ಲಿ ಹೇಳಿದ್ದು ಇದನ್ನೇ.

1861ರ ನವೆಂಬರ್ 21ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಿದ ಈ ಪ್ರಬಂಧವು ಮರುವರ್ಷ ಅಚ್ಚಾಯಿತು. ಡಾರ್ವಿನ್ನನು ಅದನ್ನು ಮುಕ್ತಕಂಠದಿಂದ ಮೆಚ್ಚಿ, ತಾನೇ ವಿಮರ್ಶೆ ಬರೆದನು. 1866ರಲ್ಲಿ ಬಂದ ತನ್ನ ಮಹಾಗ್ರಂಥದ ನಾಲ್ಕನೆಯ ಆವೃತ್ತಿಯಲ್ಲಿ ಬೇಟ್ಸನ ಶೋಧಕ್ಕೆ ಸ್ಥಾನ ಕೊಟ್ಟನು.

ಅದೇ ಪ್ರಬಂಧದಲ್ಲಿ ವರ್ಗೀಕರಣದ ಇನ್ನೊಂದು ಸೂಕ್ಷ್ಮವಿದೆ. ಹೆಲಿಕೋನಿಡೇ ಎಂದು ಒಂದಾಗಿ ಎಣಿಸುತ್ತಿದ್ದ ಚಿಟ್ಟೆಗಳಲ್ಲಿ ವಾಸ್ತವವಾಗಿ ಎರಡು ಕುಲಗಳು ಬೆರೆತಿವೆಯೆಂದೂ, ಒಂದು ಡಾನಾಯ್ಡ್‌ಗಳಿಗೂ ಇನ್ನೊಂದು ಅಕ್ರಿಯಾಗಳಿಗೂ ಹತ್ತಿರವೆಂದೂ ಬೇಟ್ಸನು ಬೇರ್ಪಡಿಸಿದನು. ಹೊರಗಿನ ಬಣ್ಣ ಒಂದೇ ಆದರೂ ಒಳಗಿನ ನೆಂಟಸ್ತಿಕೆ ಬೇರೆ. ಹಾಗಾದರೆ ಎರಡೂ ಕಹಿಯಾಗಿರುವ ಕುಲಗಳು ಒಂದನ್ನೊಂದು ಹೋಲುವುದೇಕೆ? ಈ ಗಂಟನ್ನು ಅವನಿಂದ ಬಿಡಿಸಲಾಗಲಿಲ್ಲ. ಬ್ರೆಜಿಲಿನಲ್ಲಿ ನೆಲಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಸ್ ಮ್ಯೂಲರನು 1878ರಲ್ಲಿ ಉತ್ತರ ಕೊಟ್ಟನು: ಎಳೆಯ ಹಕ್ಕಿಯು ರುಚಿ ನೋಡಿಯೇ ಪಾಠ ಕಲಿಯಬೇಕಾದ್ದರಿಂದ, ಎರಡು ಕಹಿ ಪ್ರಭೇದಗಳು ಒಂದೇ ವೇಷ ತೊಟ್ಟರೆ ಆ ಪಾಠಕ್ಕೆ ತೆರಬೇಕಾದ ಪ್ರಾಣಗಳು ಇಬ್ಬರ ನಡುವೆ ಹಂಚಿಹೋಗುತ್ತವೆ.

ನಮ್ಮ ನಾಡಿನ ಬಯಲಿನಲ್ಲಿಯೂ ಬೇಟ್ಸನ ಮಾತಿಗೆ ನಿದರ್ಶನವುಂಟು. ಎಕ್ಕದ ಎಲೆ ತಿಂದು ಬೆಳೆಯುವ ಕಂದು ಕಿತ್ತಳೆ ಬಣ್ಣದ ಚಿಟ್ಟೆಯನ್ನು ಹಕ್ಕಿಗಳು ಸಾಮಾನ್ಯವಾಗಿ ಮುಟ್ಟವು. ಗೋಣಿಸೊಪ್ಪಿನ ಮೇಲೆ ಬೆಳೆಯುವ ಇನ್ನೊಂದು ಪ್ರಭೇದದಲ್ಲಿ ಗಂಡು ಕಪ್ಪು. ರೆಕ್ಕೆಗಳ ಮೇಲೆ ದೊಡ್ಡ ಬಿಳಿಯ ಮಚ್ಚೆಗಳು. ಅದರ ಹೆಣ್ಣಾದರೋ ಎಕ್ಕದ ಚಿಟ್ಟೆಯ ಪಡಿಯಚ್ಚು. ಇಲ್ಲಿ ಎರಡೂ ಕುಂಚಪಾದದ ಕುಟುಂಬದವೇ ಆದ್ದರಿಂದ ಕಾಲೆಣಿಸಿ ಭೇದ ತಿಳಿಯುವಂತಿಲ್ಲ. ರೆಕ್ಕೆಯ ಗುರುತುಗಳನ್ನೇ ನೋಡಬೇಕು.

ಇಂದು ಈ ಕುಟುಂಬದಲ್ಲಿ ಸುಮಾರು 6,000 ಪ್ರಭೇದಗಳನ್ನು ಗುರುತಿಸಿ, ಅವುಗಳನ್ನು ಹನ್ನೆರಡು ಉಪಕುಟುಂಬಗಳಲ್ಲಿ ಹಂಚಲಾಗಿದೆ. ಡಿ.ಎನ್.ಎ. ಪರೀಕ್ಷೆಯು ಬೇಟ್ಸನ ಕೂಡಿಸುವಿಕೆಯನ್ನೂ, ಹೆಲಿಕೋನಿಡೇಯ ವಿಭಜನೆಯನ್ನೂ ಎತ್ತಿಹಿಡಿದಿದೆ. ಎಡವಿದ್ದು ಒಂದೆಡೆ: ಉದ್ದ ಮೂತಿಯ ಲಿಬಿಥಿಯಾ ಚಿಟ್ಟೆಗಳಲ್ಲಿ ಗಂಡಿಗೆ ಮಾತ್ರ ಮುಂಗಾಲು ಮೊಟಕು, ಹೆಣ್ಣಿಗೆ ಪೂರ್ಣ. ಆದಕಾರಣ ಅವನು ಅವನ್ನು ಬೇರೆ ಕುಟುಂಬಕ್ಕೆ ಸೇರಿಸಿದ್ದನು. ಈಗ ಅವು ಈ ಕುಟುಂಬದ ಅತಿ ಪ್ರಾಚೀನ ಕವಲಾಗಿ ಒಳಗೆ ಬಂದಿವೆ. ಒಂದೇ ಅವಯವವನ್ನು ನಂಬಿದ ವರ್ಗೀಕರಣಕ್ಕೆ ಇಷ್ಟು ಅಪಾಯ ಸಹಜ. ಅವನು ಅಮೆಜಾನಿನಲ್ಲಿ ಪ್ರಭೇದಗಳ ಹುಟ್ಟನ್ನು ತೋರಿಸಲು ಆರಿಸಿಕೊಂಡಿದ್ದ ಹೆಲಿಕೋನಿಯಸ್ ಮೆಲ್ಪಮೀನ್ ಎಂಬ ಚಿಟ್ಟೆಯ ಸಂಪೂರ್ಣ ಜೀನೋಮ್ 2012ರಲ್ಲಿ ಪ್ರಕಟವಾಯಿತು. ರೆಕ್ಕೆಯ ಬಣ್ಣವನ್ನು ನಿಯಂತ್ರಿಸುವ ಜೀನುಗಳು ಸಂಕರದ ಮೂಲಕ ಒಂದು ಪ್ರಭೇದದಿಂದ ಇನ್ನೊಂದಕ್ಕೆ ದಾಟಿರುವುದು ಅದರಿಂದ ಕಂಡುಬಂದಿತು.

ಇಷ್ಟು ಸಾಧಿಸಿದವನಿಗೆ ಉದ್ಯೋಗ ಸುಲಭವಾಗಿ ದೊರೆಯಲಿಲ್ಲ. ಬ್ರಿಟಿಷ್ ವಸ್ತುಸಂಗ್ರಹಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೆಲಸ ಬಯಸಿದನು; ಅದು ಅನ್ಯರ ಪಾಲಾಯಿತು. ಡಾರ್ವಿನ್ನನ ಒತ್ತಾಯದಿಂದ ಬರೆದ ಪ್ರವಾಸಗ್ರಂಥವು 1863ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಆ ವರ್ಷವೇ ವಿವಾಹವೂ ಆಯಿತು. ಜನಪ್ರಿಯತೆಗಾಗಿ ಮರುವರ್ಷದ ಆವೃತ್ತಿಯಲ್ಲಿ ವಿಜ್ಞಾನಚರ್ಚೆಯ ಭಾಗಗಳನ್ನು ಕತ್ತರಿಸಲಾಯಿತು. ಮುಂದೆ ಬಹುಕಾಲ ಜನ ಓದಿದ್ದು ಆ ಮೊಟಕು ಪಾಠವನ್ನೇ ಎಂಬುದು ಖೇದದ ಸಂಗತಿ. 1864ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಹಾಯಕ ಕಾರ್ಯದರ್ಶಿಯಾಗಿ ನೇಮಕಗೊಂಡು ಕೊನೆಯವರೆಗೂ, ಇಪ್ಪತ್ತೆಂಟು ವರ್ಷ, ಆ ಮೇಜಿನ ಮುಂದೆಯೇ ಕುಳಿತನು. ಹಗಲೆಲ್ಲ ಅನ್ಯರ ಪ್ರವಾಸವರದಿಗಳನ್ನು ತಿದ್ದುವ ಕೆಲಸ. ಬಿಡುವಿನಲ್ಲಿ ಜೀರುಂಡೆಗಳ ಅಭ್ಯಾಸ. 1881ರಲ್ಲಿ ರಾಯಲ್ ಸೊಸೈಟಿಯು ಅವನನ್ನು ಸದಸ್ಯನನ್ನಾಗಿ ಆರಿಸಿ ಗೌರವಿಸಿತು. 1892ರ ಫೆಬ್ರವರಿ 16ರಂದು ಶ್ವಾಸನಾಳದ ಬೇನೆಯಿಂದ ಅವನು ನಿಧನ ಹೊಂದಿದನು. ಅದೇ ವರ್ಷ ಎಡ್ವರ್ಡ್ ಕ್ಲಾಡ್ ಎಂಬ ಮಿತ್ರನು ಕತ್ತರಿಸಿಹೋಗಿದ್ದ ಭಾಗಗಳನ್ನೆಲ್ಲ ಸೇರಿಸಿ, ಮುಂದೆ ಅವನ ಜೀವನಚರಿತ್ರೆಯನ್ನೂ ಇಟ್ಟು, ಆ ಗ್ರಂಥವನ್ನು ಮತ್ತೆ ಅಚ್ಚು ಹಾಕಿಸಿದನು. ಅಮೆಜಾನಿನ ದಂಡೆಯಲ್ಲಿ ಕುಳಿತು ಬೇಟ್ಸನು ಚಿಟ್ಟೆಗಳನ್ನು ವರ್ಣಗಳಲ್ಲಿ ಚಿತ್ರಿಸಿದ ಎರಡು ಟಿಪ್ಪಣಿ ಪುಸ್ತಕಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇಂದಿಗೂ ಸುರಕ್ಷಿತವಾಗಿವೆ.