ತಿರುವಯ್ಯಾರಿನ ಗುಡಿ ಕಟ್ಟಿಸಿದ ನಂಜನಗೂಡಿನ ಹೆಣ್ಣುಮಗಳು
ಕೊಳ್ಳೇಗಾಲ: ಪುಷ್ಯ ಬಹುಳ ಪಂಚಮಿ ಬಂತೆಂದರೆ ತಮಿಳುನಾಡಿನ ತಿರುವಯ್ಯಾರಿನಲ್ಲಿ ನೂರಾರು ಗಾಯಕರು ಒಟ್ಟಿಗೆ ಕೂತು ತ್ಯಾಗರಾಜರ ಪಂಚರತ್ನ ಕೃತಿ ಹಾಡ್ತಾರೆ. ಆ ಆರಾಧನೆ ನಡೆಯುವ ಗುಡಿ ಕಟ್ಟಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಅನ್ನೋದು ಈ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ.

1878ರಲ್ಲಿ ದೇವದಾಸಿ ಮನೆತನದಲ್ಲಿ ಹುಟ್ಟಿದ ಅವರು ಮೈಸೂರಲ್ಲಿ ಕಲಿತು, ಬೆಂಗಳೂರಲ್ಲಿ ಹೆಸರು ಮಾಡಿ, ಮದ್ರಾಸ್ ಸೇರಿದರು. ಕೊಳ್ಳೇಗಾಲ ಕೂಡ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು' ಅಚ್ಚು ಹಾಕಿಸಿದರು. ಸರ್ಕಾರ ಅದನ್ನು ನಿಷೇಧಿಸಿತು. ನಾಗರತ್ನಮ್ಮ ಜಗ್ಗಲಿಲ್ಲ.

ತ್ಯಾಗರಾಜರ ಸಮಾಧಿ ಪಾಳು ಬಿದ್ದಿದೆ ಎಂದು ಒಂದು ದಿನ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಕಾಗದ ಬಂತು. ಹೋಗಿ ನೋಡಿದರು, ಜಾಗ ಹೊಂದಿಸಿದರು, ಹಾಡಿ ದುಡಿದ ದುಡ್ಡನ್ನೆಲ್ಲ ಸುರಿದರು. 1925ರಲ್ಲಿ ಗುಡಿ ಎದ್ದಿತು. ಆದರೆ ಆರಾಧನೆ ನಡೆಸುತ್ತಿದ್ದ ಎರಡು ಬಣಗಳೂ ಗಂಡಸರವೇ. ಹೆಂಗಸರು ಹಾಡೋ ಹಾಗಿಲ್ಲ ಅಂದವು. ಗುಡಿ ಕಟ್ಟಿಸಿದಾಕೆಗೇ ಅಲ್ಲಿ ಜಾಗ ಇಲ್ಲ! ನಾಗರತ್ನಮ್ಮ ಕಲಾವಿದೆಯರನ್ನು ಸೇರಿಸಿಕೊಂಡು ಗುಡಿಯ ಹಿಂಭಾಗದಲ್ಲೇ ಹೆಂಗಸರ ಆರಾಧನೆ ಶುರು ಮಾಡಿದರು. ಮೂರೂ ಬಣ ಒಂದಾಗೋಕೆ 1940ರ ದಶಕವೇ ಬರಬೇಕಾಯಿತು. ಈಗ ಹೆಂಗಸರು ಗಂಡಸರು ಒಟ್ಟಿಗೇ ಹಾಡ್ತಾರೆ.

1952ರಲ್ಲಿ ನಾಗರತ್ನಮ್ಮ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ ಇದೆ. ತ್ಯಾಗರಾಜರ ಗುಡಿ ಕಡೆ ಮುಖ ಮಾಡಿ, ಕೈಮುಗಿದು ಕೂತ ವಿಗ್ರಹ. ನಂಜನಗೂಡಿನ ಕಪಿಲೆ ತಿರುಮಕೂಡಲಲ್ಲಿ ಕಾವೇರಿ ಸೇರಿ, ಕೊಳ್ಳೇಗಾಲ ಸೀಮೆ ದಾಟಿ ಕೆಳಕ್ಕೆ ಹೋಗಿ ಹರಿಯೋದು ಅದೇ ಗುಡಿಯ ಪಕ್ಕದಲ್ಲಿ.