ದೀಪ ಹಿಡಿದಾಕೆಯ ಲೆಕ್ಕದ ಪುಸ್ತಕ

ಕಳೆದ ಸೆಮಿಸ್ಟರ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವಾಗ ನಮ್ಮ ಮೇಡಂ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಹೂವಿನ ದಳಗಳ ಹಾಗೆ ಸುತ್ತಲೂ ಹರಡಿದ ಹನ್ನೆರಡು ತುಂಡುಗಳು. ನೀಲಿ, ಕೆಂಪು, ಕಪ್ಪು ಬಣ್ಣ. ಇದನ್ನು ಬರೆದವರು ಯಾರು ಅಂತ ಕೇಳಿದಾಗ ನಾವು ಸಿಲೆಬಸ್‌ನಲ್ಲಿದ್ದ ಗಣಿತಜ್ಞರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿದೆವು. ಯಾವುದೂ ಅಲ್ಲ. ಬರೆದದ್ದು ಫ್ಲಾರೆನ್ಸ್ ನೈಟಿಂಗೇಲ್.

ನನಗೆ ಆ ಹೆಸರು ಗೊತ್ತಿತ್ತು. ಅಕ್ಕ ಜಿಎನ್‌ಎಂ ಸೇರಿದ ವರ್ಷ ಕಾಲೇಜಿನಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿದ ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ. ಮೆರಿಟ್ ಬಂತು ಅಂತ ನನ್ನನ್ನು ಬಿಇಗೆ ಕಳಿಸಿದರು. ಬೇಗ ಕೆಲಸ ಸಿಗುತ್ತದೆ ಅಂತ ಅವಳನ್ನು ನರ್ಸಿಂಗ್‌ಗೆ ಕಳಿಸಿದರು. ಹಾಸ್ಟೆಲ್‌ನಲ್ಲಿ ಯಾರಾದರೂ ಕೇಳಿದರೆ ಅಕ್ಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ ಅಂತ ಮಾತ್ರ ಹೇಳುತ್ತಿದ್ದೆ. ಏನು ಕೆಲಸ ಅಂತ ಮುಂದೆ ಕೇಳದಿದ್ದರೆ ಸಾಕು ಅನ್ನಿಸುತ್ತಿತ್ತು. ಆ ಚಿತ್ರ ನೋಡಿದ ಮೇಲೆ ಲೈಬ್ರರಿಯಲ್ಲಿ ಕೂತು ಈಕೆಯ ಬಗ್ಗೆ ಓದತೊಡಗಿದೆ. ಇಂಟರ್ನಲ್ಸ್ ಹತ್ತಿರವಿದ್ದರೂ ಬಿಡಲಾಗಲಿಲ್ಲ.

ಆಕೆ ಹುಟ್ಟಿದ್ದು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಇಂಗ್ಲೆಂಡಿನ ಶ್ರೀಮಂತ ಮನೆತನ, ಎರಡು ದೊಡ್ಡ ಬಂಗಲೆ. ತಂದೆ ವಿಲಿಯಂ ಹೆಣ್ಣುಮಕ್ಕಳಿಬ್ಬರಿಗೂ ತಾವೇ ಗ್ರೀಕ್, ಲ್ಯಾಟಿನ್, ಚರಿತ್ರೆ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು. ಹದಿನಾರನೇ ವಯಸ್ಸಿನಲ್ಲಿ ದೇವರು ತನ್ನನ್ನು ಸೇವೆಗೆ ಕರೆದ ಅಂತ ಆಕೆಗೆ ಅನ್ನಿಸಿತು. ಆಮೇಲೆ ನರ್ಸ್ ಆಗುತ್ತೇನೆ ಎಂದಾಗ ಮನೆಯಲ್ಲಿ ರಂಪ. ಆಗ ಇಂಗ್ಲೆಂಡಿನಲ್ಲಿ ಆಸ್ಪತ್ರೆ ನರ್ಸ್ ಅಂದರೆ ಕುಡುಕಿ, ಓದು ಬಾರದವಳು ಅನ್ನುವ ಹೆಸರಿತ್ತು. ತಾಯಿ, ಅಕ್ಕ ಇಬ್ಬರೂ ಅತ್ತು ಕರೆದು ತಡೆದರು. ವರ್ಷಗಟ್ಟಲೆ ಕಾದ ಒಬ್ಬ ಒಳ್ಳೆಯ ವರನನ್ನೂ ಆಕೆ ಬೇಡ ಎಂದಳು. ಮನೆಯವರು ಎದ್ದೇಳುವ ಮೊದಲೇ ಎದ್ದು ಸರ್ಕಾರಿ ಆರೋಗ್ಯ ವರದಿಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳಂತೆ. ಕೆಲಸ ಸಿಗದೆ ಮನೆಯಲ್ಲೇ ಕೂತು ಓದುವವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ. ಆಕೆಗೆ ಮೊದಲ ಕೆಲಸ ಸಿಕ್ಕಾಗ ವಯಸ್ಸು ಮೂವತ್ತಮೂರು.

ನಡುವೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳ ತರಬೇತಿ. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಿ. ಸೇರುವ ಮುಂಚೆಯೇ ಆಕೆ ಕೇಳಿದ್ದು ಪ್ರತಿ ಮಹಡಿಗೂ ಬಿಸಿನೀರಿನ ಪೈಪು, ರೋಗಿಗಳ ಊಟ ಮೇಲಕ್ಕೆ ಸಾಗಿಸಲು ಒಂದು ಲಿಫ್ಟು. ನರ್ಸ್ ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ದಿನ ಕಳೆದರೆ ರೋಗಿಯನ್ನು ನೋಡುವವರು ಯಾರು ಎಂಬ ಲೆಕ್ಕಾಚಾರ. ಓದುತ್ತಾ ನಾನು ಅಂದುಕೊಂಡೆ, ಇವಳು ನಮ್ಮ ಬ್ರಾಂಚಿನವಳು.

1854ರಲ್ಲಿ ಕ್ರಿಮಿಯಾ ಯುದ್ಧ. ಗಾಯಾಳುಗಳ ದುಸ್ಥಿತಿ ಪತ್ರಿಕೆಗಳಲ್ಲಿ ಬಂದು ಇಂಗ್ಲೆಂಡಿನಲ್ಲಿ ಗಲಾಟೆಯಾಯಿತು. ಮಂತ್ರಿ ಸಿಡ್ನಿ ಹರ್ಬರ್ಟ್ ಆಕೆಯ ಸ್ನೇಹಿತ. 38 ನರ್ಸುಗಳೊಂದಿಗೆ ನವೆಂಬರ್ 4ರಂದು ಆಕೆ ಇಸ್ತಾಂಬುಲ್ ಎದುರಿನ ಸ್ಕುಟಾರಿಯ ಬ್ಯಾರಕ್ ಆಸ್ಪತ್ರೆಗೆ ಬಂದಿಳಿದಳು. ಜಮೈಕಾದ ಮೇರಿ ಸೀಕೋಲ್ ಕೂಡ ನರ್ಸ್ ಆಗಿ ಹೋಗಲು ಅರ್ಜಿ ಹಿಡಿದು ಅಲೆದರು, ಅವರನ್ನು ತೆಗೆದುಕೊಳ್ಳಲಿಲ್ಲ. ಅವರು ಸ್ವಂತ ಖರ್ಚಿನಲ್ಲಿ ಹೋಗಿ ಯುದ್ಧಭೂಮಿಯ ಹತ್ತಿರವೇ ಸೈನಿಕರ ಸೇವೆ ಮಾಡಿದರು. ಅವರ ಹೆಸರೂ ನಮ್ಮ ಪಠ್ಯದಲ್ಲಿ ಇರಬೇಕಿತ್ತು.

ದೀಪದ ಕಥೆ ಎಲ್ಲರಿಗೂ ಗೊತ್ತು. ರಾತ್ರಿ ವಾರ್ಡುಗಳಲ್ಲಿ ದೀಪ ಹಿಡಿದು ಒಬ್ಬೊಬ್ಬರನ್ನೂ ನೋಡಿಕೊಂಡು ಬರುತ್ತಿದ್ದದ್ದು ನಿಜ. (ಅದು ಅಲ್ಲಾವುದ್ದೀನನ ದೀಪದಂಥದ್ದಲ್ಲ, ಮಡಚುವ ತುರ್ಕಿ ಲಾಂದ್ರ.) ಆದರೆ ಹಗಲು ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. ನೆಲ ಉಜ್ಜಲು ಬ್ರಷ್, ಅಂಗಿ, ಹಾಸಿಗೆ, ತಟ್ಟೆ, ಚಮಚ ಎಲ್ಲವನ್ನೂ ಚಂದಾ ಹಣದಿಂದ ಕೊಂಡಳು. ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿದಳು, ಅಡುಗೆಮನೆ ಸರಿಪಡಿಸಿದಳು.

ಆದರೂ ಸಾವು ನಿಲ್ಲಲಿಲ್ಲ. ಆಕೆ ಬಂದ ಮೇಲಿನ ಚಳಿಗಾಲದಲ್ಲಿ ಅದು ಇನ್ನೂ ಏರಿತು. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರರಲ್ಲಿ ಸುಮಾರು 42 ಮಂದಿ ಸತ್ತರು. ಗುಂಡೇಟಿನಿಂದ ಸತ್ತವರು ಕಡಿಮೆ. ಕಾಲರಾ, ಭೇದಿ, ಟೈಫಸ್ ಜ್ವರಗಳಿಂದ ಸತ್ತವರೇ ಹೆಚ್ಚು. ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ಒಂದು ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ಜಾನ್ ಸದರ್ಲೆಂಡ್ ಎಂಬ ಡಾಕ್ಟರ್, ರಾಬರ್ಟ್ ರಾಲಿನ್‌ಸನ್ ಎಂಬ ಸಿವಿಲ್ ಎಂಜಿನಿಯರ್ ಇದ್ದರು. ಕಟ್ಟಡದ ಅಡಿಯಲ್ಲಿದ್ದ ಒಳಚರಂಡಿ ಕಟ್ಟಿಕೊಂಡು ಅದರ ಗಾಳಿಯೇ ವಾರ್ಡಿಗೆ ಬರುತ್ತಿತ್ತು. ಆಸ್ಪತ್ರೆಗೆ ಬರುವ ನೀರು ಸತ್ತ ಕುದುರೆಯೊಂದರ ಮೇಲೆ ಹರಿದು ಬರುತ್ತಿದ್ದದ್ದೂ ಪತ್ತೆಯಾಯಿತು. ಚರಂಡಿ ತೊಳೆಸಿದರು, ಕಸ ಎತ್ತಿಸಿದರು, ಗೋಡೆಗೆ ಸುಣ್ಣ ಬಳಿಸಿದರು, ಗಾಳಿ ಆಡುವಂತೆ ಮಾಡಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ಕ್ಕೆ ಇಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ ಜಾಗ ಇದು. 1856ರಲ್ಲಿ ಆಕೆ ಸನ್ಮಾನ ಬೇಡವೆಂದು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಸದ್ದಿಲ್ಲದೆ ಊರಿಗೆ ಮರಳಿದಳು. ದೇಶವೆಲ್ಲ ಆಕೆಯನ್ನು ಪೂಜಿಸುತ್ತಿತ್ತು, ಸುಮ್ಮನಿದ್ದಿದ್ದರೆ ಸಾಕಿತ್ತು. ಆಕೆ ಮಾತ್ರ ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ ಕೂತು ಸತ್ತವರ ಲೆಕ್ಕ ಬಿಚ್ಚಿದಳು. ತಾನು ಹಗಲಿರುಳು ದುಡಿದ ಆಸ್ಪತ್ರೆಯಲ್ಲೇ ಸಾವಿರಾರು ಜನ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತಿದ್ದಾರೆ ಎಂದು ಅಂಕಿಗಳು ಹೇಳಿದವು. ಅದನ್ನು ಮುಚ್ಚಿಡಲಿಲ್ಲ. ಮಂತ್ರಿಗಳು ಉದ್ದದ ಪಟ್ಟಿಗಳನ್ನು ಓದುವುದಿಲ್ಲ ಎಂದು ಗೊತ್ತಿದ್ದರಿಂದ 1858ರಲ್ಲಿ ಆ ಚಿತ್ರ ಬರೆದಳು. ಒಂದೊಂದು ದಳ ಒಂದೊಂದು ತಿಂಗಳು. ಬಣ್ಣದ ವಿಸ್ತೀರ್ಣವೇ ಸಾವಿನ ಲೆಕ್ಕ. ಕೆಂಪು ಗಾಯದಿಂದ, ನೀಲಿ ತಡೆಯಬಹುದಾದ ಕಾಯಿಲೆಯಿಂದ, ಕಪ್ಪು ಬೇರೆ ಕಾರಣಗಳಿಂದ. ಮೊದಲ ವರ್ಷದ ಹೂವಿನಲ್ಲಿ ನೀಲಿ ಉಬ್ಬಿ ಪುಟದ ಅಂಚಿಗೆ ಬಂದಿದೆ. ಅದೇ ವರ್ಷ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆಕೆಯನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಅಲ್ಲಿಗೆ ಸೇರಿದ ಮೊದಲ ಹೆಣ್ಣು ಆಕೆ.

ಕ್ರಿಮಿಯಾದಲ್ಲಿ ಹಿಡಿದ ಜ್ವರ ಆಕೆಯನ್ನು ಬಿಡಲಿಲ್ಲ. ಮುಂದಿನ ಹಲವು ದಶಕ ಹೆಚ್ಚಾಗಿ ಮಂಚದ ಮೇಲೆ, ಕೋಣೆಯೊಳಗೇ ಕೆಲಸ. ನರ್ಸಿಂಗ್ ಬಗ್ಗೆ ಬರೆದ ಪುಟ್ಟ ಪುಸ್ತಕ 1860ರ ಆರಂಭದ ಹೊತ್ತಿಗೆ ಮನೆಮನೆಗೂ ತಲುಪಿತ್ತು. ಔಷಧ ಕೊಡುವುದಕ್ಕಿಂತ ಗಾಳಿ, ಬೆಳಕು, ಸ್ವಚ್ಛತೆ, ಸದ್ದಿಲ್ಲದಿರುವುದು, ಸರಿಯಾದ ಊಟ ಇವೇ ನರ್ಸಿಂಗ್ ಎಂಬುದು ಅದರ ತಿರುಳು. ರೋಗಿಯ ಪಕ್ಕ ನಿಂತು ಪಿಸುಗುಟ್ಟುವವರನ್ನೂ, ಬೇಗ ಗುಣವಾಗುತ್ತೀರಿ ಬಿಡಿ ಎಂದು ಸುಮ್ಮನೆ ಹೇಳಿ ಹೋಗುವ ನೆಂಟರನ್ನೂ ಆಕೆ ಅದರಲ್ಲಿ ಚೆನ್ನಾಗಿ ಜಾಡಿಸಿದ್ದಾಳೆ. ನಿದ್ದೆ ಚೆನ್ನಾಗಿ ಬಂತಾ ಅಂತ ಕೇಳಿದರೆ ಏನೂ ತಿಳಿಯುವುದಿಲ್ಲ, ಎಷ್ಟು ಗಂಟೆ, ರಾತ್ರಿ ಯಾವ ಹೊತ್ತಿನಲ್ಲಿ ಅಂತ ಕೇಳಬೇಕು ಎನ್ನುತ್ತಾಳೆ. ಇದನ್ನು ಓದಿ ನಾನು ಬೆಚ್ಚಿದೆ. ಕಳೆದ ವರ್ಷ ಅಜ್ಜಿಗೆ ಜ್ವರ ಬಂದಾಗ ಅಕ್ಕ ಹೀಗೇ ಕೇಳುತ್ತಿದ್ದಳು: ರಾತ್ರಿ ಎಷ್ಟು ಸಲ ಎದ್ದೆ, ಎಷ್ಟು ಲೋಟ ನೀರು ಕುಡಿದೆ. ಪೊಲೀಸರ ಥರ ಯಾಕೆ ಪ್ರಶ್ನೆ ಹಾಕ್ತೀಯ ಅಂತ ನಾನು ನಕ್ಕಿದ್ದೆ. ಅವಳು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದನ್ನು ನೋಡಿಯೇ ಡಾಕ್ಟರ್ ಔಷಧ ಬದಲಿಸಿದ್ದು.

ಯುದ್ಧಕಾಲದಲ್ಲಿ ಜನ ಆಕೆಯ ಹೆಸರಿನಲ್ಲಿ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ, ಜೊತೆಗೆ ವರ್ಷಕ್ಕೆ 10 ಪೌಂಡ್. ಶುಲ್ಕ ಕಟ್ಟಿ ಕಲಿಯುವುದಲ್ಲ, ಸಂಬಳ ಪಡೆದು ಕಲಿಯುವುದು! ಅಲ್ಲಿ ಕಲಿತ ಆಗ್ನೆಸ್ ಜೋನ್ಸ್ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಯನ್ನು ಮೂರು ವರ್ಷ ನಡೆಸಿ, 1868ರಲ್ಲಿ ಅಲ್ಲಿಯೇ ಟೈಫಸ್ ತಗುಲಿ ತೀರಿಕೊಂಡರು. ಈ ಕೆಲಸದಲ್ಲಿ ಅಪಾಯ ಅಂದಿನಿಂದಲೂ ಇದೆ.

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ದಂಡು ಪ್ರದೇಶಗಳಿಗೆಲ್ಲ ಪ್ರಶ್ನಾವಳಿ ಕಳಿಸಿ ನೀರು, ಚರಂಡಿ, ಬ್ಯಾರಕ್‌ಗಳ ವಿವರ ತರಿಸಿಕೊಂಡಳು. ನಮ್ಮ ಬೆಂಗಳೂರೂ ಅದರಲ್ಲಿತ್ತು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು ಎಂದು 1863ರ ರಾಯಲ್ ಕಮಿಷನ್ ವರದಿ ತೋರಿಸಿತು. ಮೊದಲು ಸೈನಿಕರ ಚಿಂತೆ, ಆಮೇಲೆ ಹಳ್ಳಿಗರದ್ದು. ಮೈಸೂರು ಸೀಮೆಯನ್ನೂ ನುಂಗಿದ ಧಾತು, ಈಶ್ವರ ಸಂವತ್ಸರಗಳ ಬರದ ನಂತರ, ನೀರಾವರಿ ಬೇಕು, ರೈತನ ಸಾಲ ತಗ್ಗಬೇಕು ಎಂದು ಲಂಡನ್ನಿನ ಕೋಣೆಯಿಂದಲೇ ಬರೆದು ವಾದಿಸಿದಳು.

ಎಲ್ಲದರಲ್ಲೂ ಆಕೆ ಸರಿ ಇರಲಿಲ್ಲ. ರೋಗಾಣು ಸಿದ್ಧಾಂತವನ್ನು ಬಹುಕಾಲ ನಂಬಲಿಲ್ಲ, ಕೆಟ್ಟ ಗಾಳಿಯೇ ರೋಗಕ್ಕೆ ಕಾರಣ ಎನ್ನುತ್ತಿದ್ದಳು. ನರ್ಸುಗಳಿಗೆ ಪರೀಕ್ಷೆ ನಡೆಸಿ ನೋಂದಣಿ ಮಾಡಬೇಕು ಎಂಬ ಬೇಡಿಕೆ ಬಂದಾಗ ಗಟ್ಟಿಯಾಗಿ ವಿರೋಧಿಸಿದಳು. ಒಳ್ಳೆಯ ನರ್ಸನ್ನು ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಆಕೆಯ ವಾದ. ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ಒಪ್ಪಲಿಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಮೂರು ತಿಂಗಳು ಕಲಿತವರನ್ನೂ ನನ್ನನ್ನೂ ಒಂದೇ ಸಂಬಳಕ್ಕೆ ನಿಲ್ಲಿಸುತ್ತಿದ್ದರು ಅಂದಳು. ಈ ವಿಷಯದಲ್ಲಿ ನಾನು ಅಕ್ಕನ ಕಡೆ.

1907ರಲ್ಲಿ ಆಕೆಗೆ ಆರ್ಡರ್ ಆಫ್ ಮೆರಿಟ್ ಬಂತು. ಅದನ್ನು ಪಡೆದ ಮೊದಲ ಮಹಿಳೆ. ಆ ಹೊತ್ತಿಗೆ ಕಣ್ಣು ಕಾಣುತ್ತಿರಲಿಲ್ಲ. 1910ರ ಆಗಸ್ಟ್ 13ರಂದು ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಗೆ ಜಾಗ ಕೊಡುತ್ತೇವೆ ಎಂದರೂ ಮನೆಯವರು ಬೇಡ ಎಂದರು. ಈಸ್ಟ್ ವೆಲ್ಲೋ ಹಳ್ಳಿಯ ಚರ್ಚಿನ ಅಂಗಳದಲ್ಲಿ ಮನೆಮಂದಿಯ ಸಮಾಧಿ ಕಲ್ಲಿದೆ. ಅದರ ಒಂದು ಮುಖದ ಮೇಲೆ ಆಕೆಯ ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ ಮತ್ತು ಸತ್ತ ದಿನಾಂಕ ಇಷ್ಟೇ.

ಆ ದಳಗಳ ಚಿತ್ರವನ್ನು ಪ್ರಿಂಟ್ ತೆಗೆಸಿ ಅಕ್ಕನಿಗೆ ಕೊಟ್ಟೆ. ನೈಟ್ ಡ್ಯೂಟಿ ಮುಗಿಸಿ ಬಂದಿದ್ದಳು, ಕಣ್ಣು ಕೆಂಪಾಗಿತ್ತು. ನೀಲಿ ಬಣ್ಣದ ಮೇಲೆ ಬೆರಳಿಟ್ಟು, ಇಷ್ಟೂ ಜನ ಉಳಿಯುತ್ತಿದ್ದರಾ ಅಂತ ಕೇಳಿದಳು. ಹೌದು ಅಂದೆ. ಅದನ್ನು ತನ್ನ ಡ್ಯೂಟಿ ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಮಲಗಲು ಹೋದಳು.