ಮಾನ್ಯಖೇಟದ ನೃಪತುಂಗದೇವ

ವಾಡಿಯಿಂದ ಮೂಡಣಕ್ಕೆ ಹೋಗುವ ರೈಲುಹಾದಿಯಲ್ಲಿ ಚಿತ್ತಾಪುರವನ್ನು ದಾಟಿ ಸೇಡಂ ಸೇರುವುದಕ್ಕೆ ಮುಂಚೆ ಮಳಖೇಡವು ಸಿಕ್ಕುವುದು. ಚಿಂಚೋಳಿ, ಶಹಾಬಾದ ಕಡೆಗಳ ಸದ್ಭಕ್ತರಲ್ಲಿ ಅನೇಕರು ಈ ಊರನ್ನು ಕಂಡವರೇ. ಕಾಗಿಣಾ ಹೊಳೆಯ ದಂಡೆಯ ಮೇಲೆ ಪಾಳುಬಿದ್ದ ಕೋಟೆಯೊಂದು, ಪುರಾತನವಾದ ಬಸದಿಯೊಂದು. ಇಷ್ಟನ್ನು ನೋಡಿದವರಿಗೆ ಇದೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂದು ತೋರುವುದು ಕಷ್ಟ. ಬಸವಾದಿ ಪ್ರಮಥರಿಗಿಂತ ಸುಮಾರು ಮುನ್ನೂರು ವರ್ಷಗಳ ಹಿಂದೆ ಇಂದ್ರನ ನಗರಿಯನ್ನೂ ಮೀರಿಸುವಂತೆ ಈ ಪಟ್ಟಣವನ್ನು ಕಟ್ಟಿಸಿದನೆಂದು ಶಾಸನಗಳು ಕೊಂಡಾಡುವ ಅರಸನೇ ಅಮೋಘವರ್ಷ ನೃಪತುಂಗನು.

ಇವನ ಜನನವು ಅರಮನೆಯಲ್ಲಾಗಲಿಲ್ಲ, ದಂಡಿನ ಬೀಡಿನಲ್ಲಾಯಿತು. ತಂದೆಯಾದ ಮೂರನೆಯ ಗೋವಿಂದನು ಉತ್ತರದ ದಿಗ್ವಿಜಯವನ್ನು ಮುಗಿಸಿ ಗುಜರಾತದ ಶ್ರೀಭವನವೆಂಬಲ್ಲಿ ಮಳೆಗಾಲವನ್ನು ಕಳೆಯುತ್ತಿದ್ದಾಗ, ಕ್ರಿ. ಶ. 800ರ ಸುಮಾರಿಗೆ ಶಿಶುವು ಹುಟ್ಟಿತು. ಶರ್ವನೆಂಬುದು ಮೊದಲ ಹೆಸರು. 814ರಲ್ಲಿ ತಂದೆಯು ತೀರಿಕೊಂಡಾಗ ಹದಿನಾಲ್ಕರ ಆಸುಪಾಸಿನ ಬಾಲಕನಿಗೆ ಪಟ್ಟವಾಯಿತು. ಗೋವಿಂದನ ಖಡ್ಗಕ್ಕೆ ಅಂಜಿ ತಲೆಬಾಗಿದ್ದ ಮಾಂಡಲಿಕರು ಬಾಲಕನ ಮುಂದೆ ತಲೆಬಾಗಲಿಲ್ಲ. ನಾಲ್ಕಾರು ವರ್ಷಗಳಲ್ಲಿ ದಂಗೆಯೆದ್ದು ಸಿಂಹಾಸನವೇ ಅಲುಗಿತು. ಗುಜರಾತ ಶಾಖೆಯ ಕರ್ಕನೆಂಬ ದಾಯಾದಿಯು ನೆರವಾಗಿ, 821ರೊಳಗೆ ಅದನ್ನು ಮರಳಿ ಸ್ಥಿರಪಡಿಸಿದನು.

ಇಂಥ ಅನುಭವವುಳ್ಳ ತರುಣನು ರಾಜ್ಯವೆಂಬುದು ಭಯದಿಂದಲೇ ನಿಲ್ಲತಕ್ಕದ್ದೆಂದು ಎಣಿಸಿದ್ದರೆ ಆಶ್ಚರ್ಯವೇನು? ಅವನ ಮೊದಲಿನ ನಡೆಯೆಲ್ಲ ಆ ಎಣಿಕೆಗೆ ಅನುಗುಣವಾಗಿಯೇ ಇದ್ದಿತು. ವಿಂಗವಳ್ಳಿಯ ಕಾಳಗದಲ್ಲಿ ವೆಂಗಿಯ ಚಾಳುಕ್ಯರನ್ನು ಯಮನಿಗೆ ಉಣಬಡಿಸಿದನೆಂದು ವಂಶದ ತಾಮ್ರಪಟಗಳು ಹೊಗಳುವುವು. ಉಪಕಾರ ಮಾಡಿದ ಕರ್ಕನ ಮಗನೊಡನೆಯೂ ವೈರವು ಬೆಳೆದು, ಆ ಧ್ರುವನು ಯುದ್ಧದಲ್ಲಿಯೇ ಮಡಿದನು. ಗಂಗವಾಡಿಯ ಹಗೆಯಂತೂ ಅಜ್ಜನ ಕಾಲದಿಂದ ಬಂದುದು. ಗಂಗ ಶಿವಮಾರನನ್ನು ರಾಷ್ಟ್ರಕೂಟರು ಸೆರೆಯಲ್ಲಿರಿಸಿದ್ದರು. ಅವನ ತರುವಾಯದ ರಾಚಮಲ್ಲನು ನಾಡನ್ನು ಬಿಡಿಸಿಕೊಳ್ಳುವುದಕ್ಕೆ ನಿಂತನು. ನೃಪತುಂಗನು ತನ್ನ ನಚ್ಚಿನ ದಂಡನಾಯಕನಾದ ಬಂಕೆಯನನ್ನು ಕಳುಹಿಸಿದನು. ಬಂಕೆಯನು ಕೈದಾಳದ ಕೋಟೆಯನ್ನು ಹಿಡಿದು ಕಾವೇರಿಯವರೆಗೂ ನಡೆದನು.

ಗೆಲುವು ಕೈಗೆಟಕುವ ಹೊತ್ತಿಗೆ ರಾಜಧಾನಿಯಿಂದ ಕರೆ ಬಂದಿತು. ಅಲ್ಲಿ ಒಳಜಗಳವೆದ್ದಿತ್ತು, ಯುವರಾಜ ಕೃಷ್ಣನೇ ವಿರೋಧಿಗಳ ಪಕ್ಷದಲ್ಲಿದ್ದನೆಂಬುದು ಇತಿಹಾಸಜ್ಞರ ಅಭಿಪ್ರಾಯ. ಬಂಕೆಯನು ಮರಳಿ ಬಂದು ದಂಗೆಯನ್ನಡಗಿಸಿದ ವೃತ್ತಾಂತವನ್ನು ಕೊಣ್ಣೂರಿನ ಶಾಸನವು ಹೇಳುವುದು. 860ರಲ್ಲಿ ಅರಸನು ಅವನ ಕೋರಿಕೆಯಂತೆ ಜಿನಾಲಯಕ್ಕೆ ಭೂದಾನ ಮಾಡಿದನು. ಸೇನಾನಿಗೆ ಕೀರ್ತಿ ಬಂದಿತು, ಗಂಗವಾಡಿ ಮಾತ್ರ ಕೈವಶವಾಗಲಿಲ್ಲ.

ಇಲ್ಲಿಯೇ ನೃಪತುಂಗನ ಚರಿತ್ರೆಯ ತಿರುವು ಇರುವುದು. ಎರಡು ತಲೆಮಾರುಗಳಿಂದ ಬಂದ ಹಗೆಯನ್ನು ಮಗನಿಗೂ ದಾಯವಾಗಿ ಕೊಡುವ ಬದಲು ಅವನು ತನ್ನ ಮಗಳಾದ ಚಂದ್ರೋಬಲಬ್ಬೆಯನ್ನು ಗಂಗ ನೀತಿಮಾರ್ಗನ ಮಗ ಬೂತುಗನಿಗೆ ಧಾರೆಯೆರೆದು ಕೊಟ್ಟನು. ಹಗೆಯ ಮನೆಯು ಬೀಗರ ಮನೆಯಾಯಿತು. 860ರ ಸುಮಾರಿಗೆ ಗುಜರಾತದ ದಾಯಾದಿಗಳೊಡನೆಯೂ, ಮಡಿದ ಧ್ರುವನ ಮೊಮ್ಮಗನ ಕಾಲದಲ್ಲಿ, ಸಂಧಿಯಾಯಿತು. ಗೆಲ್ಲಲಾರದವನ ಸಂಧಿಯೆಂದು ಇದನ್ನು ಹಗುರಾಗಿ ಕಾಣುವವರುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಗೆಲ್ಲಲಾರದೆಯೂ ಹಟವನ್ನು ಬಿಡದೆ ಪ್ರಜೆಗಳನ್ನು ಕೊಲ್ಲಿಸಿದ ಅರಸರೇ ಪುರಾಣೇತಿಹಾಸಗಳಲ್ಲಿ ಹೆಚ್ಚು. ತಾನು ಹಿಡಿದ ದಾರಿ ತಪ್ಪೆಂದು ನಡುವಯಸ್ಸಿನಲ್ಲಿ, ಸಿಂಹಾಸನದ ಮೇಲೆ ಕುಳಿತು ಒಪ್ಪಿಕೊಳ್ಳುವುದು ಸಾಮಾನ್ಯವಾದ ಕೆಲಸವಲ್ಲ.

ಈ ಮನೋಭಾವದ ಬೇರನ್ನು ಕಾಣಬೇಕಾದರೆ ಕವಿರಾಜಮಾರ್ಗವನ್ನು ನೋಡಬೇಕು. ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಇದೇ ಮೊದಲನೆಯದು. ಬರೆದವನು ಆಸ್ಥಾನಕವಿಯಾದ ಶ್ರೀವಿಜಯನು. ಅದರಲ್ಲಿರುವ ಮತವು ನೃಪತುಂಗದೇವನಿಗೆ ಅನುಮತವಾದುದು. ಕಾವೇರಿಯಿಂದ ಗೋದಾವರಿಯ ವರೆಗಿನ ಕನ್ನಡನಾಡಿನ ವರ್ಣನೆಗಾಗಿ ಈ ಗ್ರಂಥವನ್ನು ಎಲ್ಲರೂ ನೆನೆಯುವರು. ಅದರಲ್ಲಿ ಇನ್ನೊಂದು ಸೂಕ್ಷ್ಮವಾದ ವಿಚಾರವಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಮನುಷ್ಯನು ತನ್ನ ದೋಷವನ್ನು ತಾನು ಕಾಣಲಾರನು. ಆದಕಾರಣ ಕವಿಯಾದವನು ಬಲ್ಲವರಿಗೆ ತನ್ನ ಕೃತಿಯನ್ನು ತೋರಿಸಿ, ಅವರಿಂದರಿತು ತಿದ್ದಿಕೊಳ್ಳಬೇಕೆಂಬುದು ಅದರ ತಾತ್ಪರ್ಯ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಬಂಗಾರವೆಂಬ ಅಭಿಪ್ರಾಯವೂ ಅಲ್ಲಿದೆ. ನಾಡಿನಲ್ಲಿ ದೇಸಿಗಳು ಬೇರೆಬೇರೆಯಾಗಿರುವುದರಿಂದ, ಇದು ಇಷ್ಟು ದೋಷವೆಂದು ನಿರ್ಣಯಿಸುವುದರಲ್ಲಿ ವಾಸುಕಿಯೂ ಬೇಸತ್ತಾನೆಂದು ಹೇಳಿ ಗ್ರಂಥಕಾರನು ಪಂಡಿತರ ಗರ್ವವನ್ನೂ ಇಳಿಸಿದ್ದಾನೆ. ಕಾವ್ಯಕ್ಕೆ ಹೇಳಿದ ಕಾಡಿಗೆಯ ದೃಷ್ಟಾಂತವು ಅರಸುತನಕ್ಕೆ ಇನ್ನೂ ಹೆಚ್ಚಾಗಿ ಒಪ್ಪುವುದು. ಅರಸನ ಕಣ್ಣಿನ ಕಾಡಿಗೆಯನ್ನು ತೋರಿಸುವ ಧೈರ್ಯ ಯಾರಿಗಿದ್ದೀತು?

ಧರ್ಮವಿಷಯದಲ್ಲಿಯೂ ಅವನ ಬಾಗಿಲು ಮುಚ್ಚಿರಲಿಲ್ಲ. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರ ಪಾದಗಳಿಗೆರಗಿ ಅವನು ಧನ್ಯನಾದನೆಂದು ಅವರ ಶಿಷ್ಯರಾದ ಗುಣಭದ್ರರು ಹೇಳಿರುವರು. ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರೂ ಅವನನ್ನು ಸ್ತುತಿಸಿರುವರು. ಇಷ್ಟಾದರೂ ಜನರಿಗೆ ಉಪದ್ರವವೊದಗಿದಾಗ ಅದರ ಶಾಂತಿಗಾಗಿ ಅವನು ಮಹಾಲಕ್ಷ್ಮೀದೇವಿಗೆ ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟವು ತಿಳಿಸುವುದು. ಜಿನಭಕ್ತನು ದೇವಿಗೆ ಹರಕೆ ಸಲ್ಲಿಸಿದುದು ಹೇಗೆಂದು ತರ್ಕಿಸುವವರು ತರ್ಕಿಸಲಿ. ಪ್ರಜೆಗಳ ಸಂಕಟವು ಅವನಿಗೆ ಮತಭೇದಕ್ಕಿಂತ ದೊಡ್ಡದಾಗಿತ್ತು.

851ರ ಹೊತ್ತಿಗೆ ಅರಬ ದೇಶದ ವರ್ತಕನಾದ ಸುಲೈಮಾನನು ಬಲ್ಹರನನ್ನು, ಅಂದರೆ ವಲ್ಲಭರಾಜನನ್ನು, ಬಾಗದಾದದ ಖಲೀಫ, ಚೀನದ ಮತ್ತು ರೂಮಿನ ಅರಸರೊಡನೆ ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದನು. ಇಂಥ ಪದವಿಯನ್ನು ನೃಪತುಂಗನು ಒಂದಕ್ಕಿಂತ ಹೆಚ್ಚು ಸಲ ತಾನಾಗಿ ಬಿಟ್ಟುಕೊಟ್ಟನೆಂದು ಸಂಜಾನದ ಪಟದಿಂದ ತಿಳಿಯುವುದು. ಅವನದೆನ್ನಲಾದ ಪ್ರಶ್ನೋತ್ತರ ರತ್ನಮಾಲಿಕೆಯ ಕೊನೆಯಲ್ಲಿಯೂ ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಸಂಗತಿಯಿದೆ. ಹಿಂದೆ ತನಗೆ ಎದುರುನಿಂತವನೆನ್ನಲಾದ ಮಗನೇ ಅವನ ಪಟ್ಟಕ್ಕೆ ಬಂದನು. ಸುಮಾರು ಅರವತ್ತನಾಲ್ಕು ವರ್ಷಗಳ ಆಳಿಕೆಯ ತರುವಾಯ, 878ರ ಸುಮಾರಿಗೆ, ನೃಪತುಂಗನ ಕಾಲವು ಮುಗಿಯಿತು.

ಕೃಷ್ಣನು ವೆಂಗಿಯೊಡನೆ ಮತ್ತೆ ಯುದ್ಧವನ್ನು ತೊಡಗಿ ಬಹಳ ಸೋಲನ್ನುಂಡನು. ಗಂಗರೊಡನೆ ಬೆಳೆದ ನಂಟು ಮಾತ್ರ ಉಳಿಯಿತು. 949ರಲ್ಲಿ ತಕ್ಕೋಲದ ರಣದಲ್ಲಿ ರಾಷ್ಟ್ರಕೂಟರ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದವನು ಇನ್ನೊಬ್ಬ ಗಂಗ ಬೂತುಗನು. 972ರಲ್ಲಿ ಮಾಳವದ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದ ಮೇಲೆ, ಮುರಿದ ಆ ಮನೆತನದ ಇಂದ್ರನೆಂಬ ತರುಣನನ್ನು ಪಟ್ಟದಲ್ಲಿ ನಿಲ್ಲಿಸುವುದಕ್ಕೆ ಹೆಣಗಿದವನೂ ಗಂಗ ಮಾರಸಿಂಹನೇ.